ನೆತ್ತರು ತರುವ ಸುದ್ದಿ

ಸಾಲಗಾಮೆಯ ಸುತ್ತಿನ ತೋಟಗಳಲ್ಲಿ ಕಾಯಿ ಕೀಳಲು ತೆಂಗಿನ ಮರವೇರಿದವನು ಜಾರಿ ಬಿದ್ದನೆಂಬ ಸುದ್ದಿ ನಮಗೆ ಹೊಸತಲ್ಲ. ಹಲವು ವರ್ಷಗಳ ಹಿಂದೆ ಹಾಗೆ ಬಿದ್ದ ತರುಣನೊಬ್ಬನನ್ನು ಹಾಸನಕ್ಕೆ ಒಯ್ದಾಗ ನಾನೂ ಜೊತೆಗಿದ್ದೆ. ಸೊಂಟದಿಂದ ಕೆಳಗೆ ಅವನಿಗೆ ಸ್ಪರ್ಶದ ಅರಿವೇ ಇರಲಿಲ್ಲ. “ಸ್ವಾಮಿ, ನನ್ನ ಮಗ ಇನ್ನು ಓಡಾಡ್ತಾನಾ?” ಎಂದು ತಾಯಿ ಕೇಳಿದರು. “ಈಗಲೇ ಹೇಳಲಾಗದು, ತಾಯಿ” ಎಂದರು ವೈದ್ಯರು. ಅಂದು ನನಗದು ಜಾರಿಕೆಯ ಮಾತಾಗಿ ಕಂಡಿತು. ಪ್ರಾಮಾಣಿಕ ಉತ್ತರವೆಂದು ತಿಳಿದದ್ದು ಬಳಿಕ.

ಬೆನ್ನುಹುರಿಗೆ ಬಲವಾದ ಪೆಟ್ಟಾದೊಡನೆ ಗಾಯದ ಕೆಳಗಿನ ದೇಹಭಾಗ ಕೆಲಕಾಲ ಸ್ತಬ್ಧವಾಗಬಹುದು. ವೈದ್ಯರು ಇದನ್ನು ‘ಸ್ಪೈನಲ್ ಶಾಕ್’ ಎನ್ನುತ್ತಾರೆ. ಸ್ಪರ್ಶಜ್ಞಾನವನ್ನೂ ಸ್ನಾಯುಬಲವನ್ನೂ ಪರೀಕ್ಷಿಸಿ ಗಾಯವನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಾಗಿ ವಿಂಗಡಿಸುವ ಕ್ರಮವಿದೆ, ‘ಎ’ ಎಂದರೆ ಪೂರ್ಣನಷ್ಟ, ‘ಇ’ ಎಂದರೆ ಸಹಜಸ್ಥಿತಿ. ಆದರೆ ಆ ಪರೀಕ್ಷೆಗೆ ರೋಗಿಯ ಎಚ್ಚರವೂ ಸಹಕಾರವೂ ಬೇಕು. ಪ್ರಜ್ಞೆ ತಪ್ಪಿದವನನ್ನು ಏನೆಂದು ಕೇಳುವುದು?

ಇಂಥಲ್ಲಿ ವಿಜ್ಞಾನಿಗಳು ರಕ್ತವನ್ನು ಕೇಳತೊಡಗಿದ್ದಾರೆ. ಹೇಮಾವತಿಯ ನೆರೆಯಲ್ಲಿ ತೊಲೆ, ಜಂತಿಗಳು ತೇಲಿ ಬಂದರೆ ಮೇಲೆಲ್ಲೋ ಮನೆ ಕುಸಿದಿದೆಯೆಂದು ನಾವು ಊಹಿಸುವುದಿಲ್ಲವೆ? ಹಾಗೆಯೇ ಬೆನ್ನುಹುರಿಯ ಕೋಶಗಳು ಒಡೆದಾಗ ಅವುಗಳ ಪ್ರೋಟೀನುಗಳು ಸೋರಿ ರಕ್ತವನ್ನು ಸೇರುತ್ತವೆ. ನರಗಳಿಗೆ ಆಸರೆಯಾದ ನಕ್ಷತ್ರಾಕಾರದ ಕೋಶಗಳಿಂದ ಬರುವ ‘ಜಿ.ಎಫ್.ಎ.ಪಿ.’ ಗಂಟೆಗಳೊಳಗೆ ಏರುತ್ತದೆ. ನರತಂತುವಿನ ಒಳಗಂಬದಂತಿರುವ ‘ನ್ಯೂರೋಫಿಲಮೆಂಟ್’ ದಿನಗಳುದ್ದಕ್ಕೂ ಏರುತ್ತ ಹೋಗುತ್ತದೆ. ಇವುಗಳ ಪ್ರಮಾಣ ಹೆಚ್ಚಿದಷ್ಟೂ ಗಾಯ ಘೋರವಾಗಿರುವ, ಚೇತರಿಕೆ ಕಿರಿದಾಗುವ ಸಂಭವ ಹೆಚ್ಚು.

ಇವನ್ನು ಅಳೆಯಲು ಸೂಕ್ಷ್ಮ ಉಪಕರಣಗಳು ಬೇಕು. ಆದರೆ 2025ರಲ್ಲಿ ಕೆನಡದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ 2,600ಕ್ಕೂ ಹೆಚ್ಚು ರೋಗಿಗಳ ದಿನನಿತ್ಯದ ರಕ್ತಪರೀಕ್ಷೆಗಳನ್ನೇ ಗಣಕಯಂತ್ರದಿಂದ ಪರಿಶೀಲಿಸಿದರು. ಲವಣಾಂಶಗಳು, ಬಿಳಿಯ ರಕ್ತಕಣಗಳು ದಿನದಿಂದ ದಿನಕ್ಕೆ ಏರಿಳಿಯುವ ಬಗೆಯಲ್ಲೇ ಗಾಯದ ತೀವ್ರತೆಯ ಸುಳಿವು ದೊರೆಯಿತು. ಜಿಲ್ಲಾ ಆಸ್ಪತ್ರೆಗಳಿಗೂ ನಿಲುಕುವ ದಾರಿಯಿದು.

ಆದರೂ ಅಂಕಿ ತೀರ್ಪಲ್ಲ. ತಲೆಗೆ ಪೆಟ್ಟಾದರೂ ‘ಜಿ.ಎಫ್.ಎ.ಪಿ.’ ಏರುತ್ತದೆ; ವಯಸ್ಸಾದಂತೆ ನ್ಯೂರೋಫಿಲಮೆಂಟ್ ಸಹಜವಾಗಿಯೇ ಹೆಚ್ಚುತ್ತದೆ. ರಕ್ತದ ಸಾಕ್ಷ್ಯವನ್ನು ವೈದ್ಯರ ಕಣ್ಣು, ಎಂ.ಆರ್.ಐ. ಚಿತ್ರಗಳೊಡನೆ ಕೂಡಿಸಿಯೇ ಓದಬೇಕು.

ನಮ್ಮ ತರುಣ ಮತ್ತೆ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಚಿಲ್ಲರೆ ಅಂಗಡಿ ನಡೆಸುತ್ತಾನೆ. ಉತ್ತರ ತಿಳಿಯದ ಆ ದಿನಗಳಲ್ಲಿ ತಾಯಿ ನಾಟಿವೈದ್ಯರ ಮನೆಗಳಿಗೂ ಹರಕೆಯ ಗುಡಿಗಳಿಗೂ ಅಲೆದು, ಇದ್ದೊಂದು ಗದ್ದೆಯನ್ನು ಮಾರಿದರು. ರಕ್ತಪರೀಕ್ಷೆ ಅವನನ್ನು ನಡೆಸುತ್ತಿರಲಿಲ್ಲ. ಆ ಗದ್ದೆಯನ್ನು ಉಳಿಸುತ್ತಿತ್ತೇನೋ.