ಕಾಲೇಜಿನಲ್ಲಿ ಮಕ್ಕಳ ಮನಸ್ಸು ಕುಗ್ಗಿದಾಗ: ಯಾರ ಬಳಿ ಹೋಗಬೇಕು, ಯಾವ ನೆರವು ಸಿಗುತ್ತದೆ?

ಪಿಯುಸಿ ಮುಗಿಸಿದ ಮಕ್ಕಳನ್ನು ಬೆಂಗಳೂರು, ಮಂಗಳೂರು, ಧಾರವಾಡ, ಮೈಸೂರಿನ ಕಾಲೇಜುಗಳಿಗೆ ಸೇರಿಸುವಾಗ ಪಾಲಕರು ಶುಲ್ಕ, ಹಾಸ್ಟೆಲ್, ಊಟ, ಬಸ್ಸು ಎಲ್ಲವನ್ನೂ ವಿಚಾರಿಸುತ್ತಾರೆ. ಮಗು ಮಾನಸಿಕವಾಗಿ ಕುಗ್ಗಿದರೆ ಕಾಲೇಜಿನಲ್ಲಿ ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಆದ್ದರಿಂದ ಕಾಲೇಜುಗಳಲ್ಲಿರುವ ನೆರವಿನ ವ್ಯವಸ್ಥೆಯನ್ನು ಪ್ರತಿ ಕುಟುಂಬವೂ ತಿಳಿದಿರುವುದು ಅವಶ್ಯ.

ಮೊದಲ ಹಂತ: ಮೆಂಟರ್ ಮತ್ತು ವಾರ್ಡನ್

ಬಹುತೇಕ ಕಾಲೇಜುಗಳಲ್ಲಿ ಇಂತಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಮೆಂಟರ್ ಆಗಿರುತ್ತಾರೆ. ಹಾಜರಾತಿ ಇಳಿಯುವುದು, ಇಂಟರ್ನಲ್ ಪರೀಕ್ಷೆಗೆ ಬಾರದಿರುವುದು ಮೊದಲು ಗೊತ್ತಾಗುವುದು ಇವರಿಗೇ. ಹಾಸ್ಟೆಲ್‌ನಲ್ಲಿ ಊಟ ಬಿಡುವುದು, ನಿದ್ದೆಗೆಡುವುದು, ಕೋಣೆಯಿಂದ ಹೊರಬಾರದಿರುವುದು ವಾರ್ಡನ್ ಮತ್ತು ಕೋಣೆಯ ಗೆಳೆಯರ ಕಣ್ಣಿಗೆ ಬೀಳುತ್ತದೆ. ಚಿಕಿತ್ಸೆ ಕೊಡುವುದು ಇವರ ಕೆಲಸವಲ್ಲ. ಗಮನಿಸಿ, ಸಮಾಧಾನದಿಂದ ಮಾತಾಡಿಸಿ, ಸರಿಯಾದವರ ಬಳಿ ಕಳುಹಿಸುವುದು ಇವರ ಕೆಲಸ.

ಆಪ್ತಸಮಾಲೋಚಕರ ಕೋಣೆಯಲ್ಲಿ ಏನು ನಡೆಯುತ್ತದೆ?

ಅಲ್ಲಿ ಬೈಗುಳವಿಲ್ಲ, ಉಪದೇಶವೂ ಇಲ್ಲ. ಆಪ್ತಸಮಾಲೋಚಕರು ವಿದ್ಯಾರ್ಥಿಯ ಮಾತು ಕೇಳುತ್ತಾರೆ. ಓದಿನ ಒತ್ತಡ, ಪ್ರೇಮ ವೈಫಲ್ಯ, ಮನೆಯ ಸಾಲ, ಇಂಗ್ಲಿಷ್ ಅಳುಕು ಇವುಗಳಲ್ಲಿ ಯಾವುದು ಬಾಧಿಸುತ್ತಿದೆ ಎಂದು ಬಿಡಿಸಿ ನೋಡುತ್ತಾರೆ. ಮನೋವೈದ್ಯರಲ್ಲದ ಕಾರಣ ಅವರು ಔಷಧಿ ಕೊಡುವುದಿಲ್ಲ. ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯರ ಬಳಿ ಕಳುಹಿಸುತ್ತಾರೆ. ಸರ್ಕಾರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಲಭ್ಯ. ವೈದ್ಯರ ಪ್ರಮಾಣಪತ್ರವಿದ್ದರೆ ಹಾಜರಾತಿ ಕೊರತೆ ಅಥವಾ ಪರೀಕ್ಷೆಯ ವಿಷಯದಲ್ಲಿ ವಿನಾಯಿತಿ ಸಾಧ್ಯವೇ ಎಂದು ಪ್ರಾಂಶುಪಾಲರನ್ನು ಕೇಳಬಹುದು.

“ನಮಗೇಕೆ ಹೇಳಲಿಲ್ಲ?”

ಪಾಲಕರು ಕೇಳುವ ಸಾಮಾನ್ಯ ಪ್ರಶ್ನೆ ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಸಮಾಲೋಚಕರೂ ಇದೇ ಶಿಸ್ತನ್ನು ಪಾಲಿಸುತ್ತಾರೆ. 18 ವರ್ಷ ತುಂಬಿದ ವಿದ್ಯಾರ್ಥಿಯ ಮಾತನ್ನು ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸುವುದಿಲ್ಲ. ಗೋಪ್ಯತೆ ಇದೆ ಎಂಬ ನಂಬಿಕೆ ಇದ್ದರೆ ಮಾತ್ರ ಮಕ್ಕಳು ಬಾಯಿ ಬಿಡುತ್ತಾರೆ. ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಜೀವ ಉಳಿಸಲು ಬೇಕಾದಷ್ಟನ್ನು ಬೇಕಾದವರಿಗೆ ತಿಳಿಸಬಹುದು.

ಇದೇ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಆದ್ದರಿಂದ ಕೇಸಿನ ಭಯದಿಂದ ವಿಷಯ ಮುಚ್ಚಿಟ್ಟು ಚಿಕಿತ್ಸೆ ತಡ ಮಾಡಬಾರದು.

ಸುಪ್ರೀಂ ಕೋರ್ಟಿನ ನಿರ್ದೇಶನ

ವಿಶ್ವವಿದ್ಯಾಲಯ ಅನುದಾನ ಆಯೋಗವು 2023ರಲ್ಲೇ ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಕ್ಷೇಮದ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶಕ್ಕೆಲ್ಲ ಅನ್ವಯಿಸುವ 15 ನಿರ್ದೇಶನ ನೀಡಿತು. ಮುಖ್ಯವಾದವು ಇವು:

• 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು.
• ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ ಕೊಡಬೇಕು.
• ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ಕಾಣುವಂತೆ ಹಾಕಬೇಕು.
• ಅಂಕಗಳ ಆಧಾರದ ಮೇಲೆ ಬ್ಯಾಚ್ ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು ಸಲ್ಲದು.

ಕಾಲೇಜು, ಕೋಚಿಂಗ್ ಕೇಂದ್ರಗಳಂತೆ ಹಾಸ್ಟೆಲ್‌ಗಳಿಗೂ ಈ ನಿರ್ದೇಶನ ಅನ್ವಯಿಸುತ್ತದೆ. ಸಮಾಜದ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಟ್ರಸ್ಟಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಶುದ್ಧ ಆಹಾರ, ಸೂರ್ಯಾಸ್ತಕ್ಕೆ ಮೊದಲು ಊಟದ ವ್ಯವಸ್ಥೆಯ ಜೊತೆಗೆ, ಮಕ್ಕಳು ನಂಬಿ ಮಾತಾಡಬಲ್ಲ ಒಬ್ಬರು ಅಲ್ಲಿರಬೇಕು.

ಕರೆ ಮಾಡಬೇಕಾದ ಸಂಖ್ಯೆಗಳು

ಟೆಲಿ-ಮಾನಸ್: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಪಾಲಕರೂ ಕರೆ ಮಾಡಿ ಸಲಹೆ ಕೇಳಬಹುದು. ರ‍್ಯಾಗಿಂಗ್ ಇದ್ದರೆ ಆಯೋಗದ ಸಹಾಯವಾಣಿ 1800-180-5522. ತಕ್ಷಣದ ಅಪಾಯವಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮನೆಯವರು ಮಾಡಬೇಕಾದ್ದು

ಪ್ರವೇಶದ ದಿನವೇ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿ: ಸಮಾಲೋಚಕರು ಯಾರು, ಯಾವ ವೇಳೆಗೆ ಸಿಗುತ್ತಾರೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಉತ್ತರವನ್ನು ಮಗುವಿನ ಫೋನ್‌ನಲ್ಲೂ ನಿಮ್ಮ ಫೋನ್‌ನಲ್ಲೂ ಬರೆದಿಟ್ಟುಕೊಳ್ಳಿ.

ಫೋನ್ ಮಾಡಿದಾಗಲೆಲ್ಲ ಅಂಕ ಕೇಳಬೇಡಿ. ಊಟ ಆಯಿತೇ, ಚೆನ್ನಾಗಿ ನಿದ್ದೆ ಬಂತೇ ಎಂದೂ ಕೇಳಿ. “ಬದುಕಿ ಏನು ಪ್ರಯೋಜನ” ಎಂಬಂಥ ಮಾತು ಬಂದರೆ ತಮಾಷೆ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಬಾರಿ ಮಗುವಿನ ಭಾರ ಇಳಿಯುತ್ತದೆ. ಚಿಕಿತ್ಸೆ ಪಡೆದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲ, ನಾಲ್ಕು ಜನ ಏನೆಂದಾರು ಎಂಬ ಅಳುಕು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಜ್ವರಕ್ಕೆ ವೈದ್ಯರ ಬಳಿ ಹೋಗುವಷ್ಟೇ ಸಹಜವಾಗಿ ಮನಸ್ಸಿನ ನೋವಿಗೂ ಹೋಗಬೇಕು. ಒಂದು ಸೆಮಿಸ್ಟರ್ ಹೋದರೆ ಮತ್ತೆ ಬರೆಯಬಹುದು, ಆ ಮಾತನ್ನು ಫಲಿತಾಂಶ ಬರುವ ಮೊದಲೇ ಮಕ್ಕಳಿಗೆ ಹೇಳಿಡಿ.