ನಿಮಗಿದು ಗೊತ್ತೆ?: ‘ಮಚ್ಚಾ’ ಅಂದರೆ ಭಾವ!

ಸಂಜೆ ಚಂದಾಪುರದಲ್ಲಿ ಕಂಪನಿ ಬಸ್ಸಿನಿಂದ ಇಳಿದ ಹುಡುಗರು ಟೀ ಅಂಗಡಿ ಮುಂದೆ ‘ಏನ್ ಮಚ್ಚಾ’ ಎಂದು ಹೆಗಲ ಮೇಲೆ ಕೈ ಹಾಕಿದರೆ, ಲೆಕ್ಕಪ್ರಕಾರ ಅವರು ನೆಂಟಸ್ತನ ಬೆಳೆಸುತ್ತಿದ್ದಾರೆ! ಈ ಮಾತು ತಮಿಳಿನ ‘ಮಚ್ಚಾನ್’ನಿಂದ ಬಂದದ್ದು. ಭಾವ, ಭಾವಮೈದ, ಸೋದರಮಾವನ ಮಗ ಎಲ್ಲರೂ ಅದರೊಳಗೆ ಬರುತ್ತಾರೆ. ಹೊಸೂರು ರಸ್ತೆಯಲ್ಲಿ ಅತ್ತಿಬೆಲೆ ದಾಟಿದರೆ ತಮಿಳುನಾಡು. ಆನೇಕಲ್ ತಾಲ್ಲೂಕಿನ ಚಂದಾಪುರಕ್ಕೆ ಆ ಪದ ದೂರದ ನೆಂಟನೇನಲ್ಲ. ನಮ್ಮದೇ ‘ಮಗಾ’ ಇನ್ನೂ ತಮಾಷೆ. ಒಂದೇ ವಯಸ್ಸಿನವರು ಒಬ್ಬರಿಗೊಬ್ಬರು ಮಗನಾಗುತ್ತಾರೆ, ಹುಡುಗಿಯರೂ ಗೆಳತಿಯನ್ನು ಹಾಗೆಯೇ ಕರೆಯುತ್ತಾರೆ.

‘ಸಕ್ಕತ್’ ಕಥೆ ಬೇರೆ. ಅದರ ಮೂಲ ಪಾರಸಿಯ ‘ಸಖ್ತ್’, ಅಂದರೆ ಗಟ್ಟಿ, ಕಠಿಣ. ಹಿಂದಿಯಲ್ಲಿ ಸಖ್ತ್ ಮೇಷ್ಟ್ರೆಂದರೆ ಹೆದರಬೇಕು, ಕನ್ನಡದಲ್ಲಿ ಸಕ್ಕತ್ ಬಿರಿಯಾನಿ ಎಂದರೆ ಬಾಯಲ್ಲಿ ನೀರು. ಹರಕು ಬಟ್ಟೆಯ ‘ಚಿಂದಿ’ಯೂ ಹೀಗೇ ಮೆಚ್ಚುಗೆಯಾಯಿತು. ಸುಳ್ಳಿಗಂತೂ ಪದಗಳ ಬರವಿಲ್ಲ: ಕಾಗೆ ಹಾರಿಸು, ಓಳು ಬಿಡು, ರೀಲು ಬಿಡು. (ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ಮೊದಲೇ ನಾವು ರೀಲು ಬಿಡುತ್ತಿದ್ದೆವು.)

ಮೊಬೈಲಿನಿಂದ ಇಳಿದ ಹೊಸ ಅತಿಥಿ ‘ರಿಜ್’. ಇಂಗ್ಲಿಷಿನ ಕರಿಸ್ಮಾ ಪದದ ನಡುತುಂಡು. ಮೋಡಿ ಮಾಡಿ ಒಲಿಸಿಕೊಳ್ಳುವ ಕಲೆ. ಆಕ್ಸ್‌ಫರ್ಡ್ ನಿಘಂಟಿನವರು ಅದನ್ನು 2023ರ ವರ್ಷದ ಪದವಾಗಿ ಆರಿಸಿದರು. ನಮ್ಮ ‘ಡವ್’ಗೆ ಆ ಭಾಗ್ಯ ಬಂದಿಲ್ಲ. ಪ್ರೇಯಸಿಗೂ ನಾಟಕವಾಡುವುದಕ್ಕೂ ಅದು ಒಂದೇ ಪದ.