ವೈರಸ್ ರಕ್ತದಲ್ಲಿಲ್ಲ, ಹಾಗಾದರೆ ಎಲ್ಲಿದೆ?

‘ವರದಿಯಾಗ ವೈರಸ್ ಇಲ್ಲ ಅಂತ ಬಂದದ, ಇನ್ನ್ಯಾಕ ಗುಳಿಗಿ?’ ಎಚ್‌ಐವಿ ಚಿಕಿತ್ಸೆಯಲ್ಲಿರುವವರ ಈ ಪ್ರಶ್ನೆ ನ್ಯಾಯವಾದದ್ದೇ. ಖಾನಾಪುರ ತಾಲೂಕಿನ ಕಣಕುಂಬಿಯಂಥ ಕಾಡಂಚಿನ ಊರಿನಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಗೋವಾಕ್ಕೆ ದುಡಿಯಲು ಹೋದವರ ಪಾಡು ಇನ್ನೂ ಕಷ್ಟ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2000ರ ದಶಕದಲ್ಲಿ ಬೆಳಗಾವಿಯನ್ನು ಸೋಂಕು ಹೆಚ್ಚಿರುವ ‘ಎ’ ವರ್ಗದ ಜಿಲ್ಲೆಗಳಲ್ಲಿ ಸೇರಿಸಿತ್ತು. ಸರ್ಕಾರ ವೈರಸ್ ಹತ್ತಿಕ್ಕುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷ ನುಂಗಿದ ಮೇಲೆ ಬೇಸರ ಬರುವುದು ಸಹಜ.

ವೈರಸ್ ಪ್ರಮಾಣ ಅಳೆಯುವ ‘ವೈರಲ್ ಲೋಡ್’ ವರದಿ ಸುಳ್ಳಲ್ಲ, ಆದರೆ ಅದು ಹೇಳುವುದು ರಕ್ತದ ಸುದ್ದಿಯನ್ನಷ್ಟೇ. ಎಚ್‌ಐವಿ ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ಡಿಎನ್‌ಎಗೇ ಹೆಣೆದುಬಿಡುತ್ತದೆ. ಔಷಧ ಹೊಸ ಸೋಂಕನ್ನು ತಡೆಯಬಲ್ಲದು, ಹೆಣೆದದ್ದನ್ನು ಬಿಡಿಸಲಾರದು. ಗದ್ದೆಯ ಜೇಕನ್ನು ಮೇಲೆ ಕೊಯ್ದರೂ ಗಡ್ಡೆ ನೆಲದಲ್ಲೇ ಉಳಿಯುವುದಿಲ್ಲವೇ, ಹಾಗೆ. ಹೀಗೆ ವೈರಸ್ ಹೊತ್ತು ಸುಪ್ತವಾಗಿರುವ ಸಿಡಿ4 ಟಿ ಕೋಶಗಳ (ರೋಗನಿರೋಧಕ ಬಿಳಿ ರಕ್ತಕಣಗಳ) ದಾಸ್ತಾನು ಅರ್ಧಕ್ಕಿಳಿಯಲು ಸರಾಸರಿ 44 ತಿಂಗಳು ಬೇಕು. ಈ ಲೆಕ್ಕದಲ್ಲಿ ಅದು ಪೂರ್ತಿ ಅಳಿಯಲು ಎಪ್ಪತ್ತಕ್ಕೂ ಹೆಚ್ಚು ವರ್ಷ!

ಅಡಗುತಾಣ ರಕ್ತದ ಈ ಕೋಶಗಳಷ್ಟೇ ಅಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ರಾನ್ಸಿನ ವೈದ್ಯರು ಮೂತ್ರಪಿಂಡ ಕಸಿಯಾದ 19 ಎಚ್‌ಐವಿ ರೋಗಿಗಳನ್ನು ಪರೀಕ್ಷಿಸಿದರು. ಕಸಿಯ ಹೊತ್ತಿಗೆ ಯಾರ ರಕ್ತದಲ್ಲೂ ವೈರಸ್ ಪತ್ತೆಯಾಗುತ್ತಿರಲಿಲ್ಲ. ಆದರೂ 13 ಮಂದಿಯ ಹೊಸ ಮೂತ್ರಪಿಂಡಕ್ಕೆ ಸೋಂಕು ತಗುಲಿತ್ತು. 2019ರಲ್ಲಿ ಪ್ಯಾರಿಸ್‌ನ ಕೊಶಾಂ ಸಂಸ್ಥೆಯ ಮೊರ್ಗಾನ್ ಬೊಮ್ಸೆಲ್ ಮತ್ತು ಯೊನಾತನ್ ಗನೋರ್ ತಂಡ ಮೂತ್ರ ಹೊರಬರುವ ನಾಳವನ್ನೇ ಶೋಧಿಸಿತು. ಚಿಕಿತ್ಸೆಯಲ್ಲಿದ್ದು, ಲಿಂಗಪರಿವರ್ತನೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಒಪ್ಪಿ ಕೊಟ್ಟ ಅಂಗಾಂಶದಲ್ಲಿ ವೈರಸ್ ಇದ್ದದ್ದು ಟಿ ಕೋಶಗಳಲ್ಲಲ್ಲ, ರೋಗಾಣುಗಳನ್ನು ನುಂಗಿ ಕಾಯಬೇಕಾದ ಮ್ಯಾಕ್ರೋಫೇಜ್‌ಗಳಲ್ಲಿ! ಬ್ಯಾಕ್ಟೀರಿಯಾದ ಹೊರಪೊರೆಯ ಒಂದು ಅಂಶವನ್ನು ತಾಗಿಸಿದಾಗ, ಮಲಗಿದ್ದ ವೈರಸ್ ಪ್ರಯೋಗಾಲಯದಲ್ಲಿ ಮತ್ತೆ ಎಚ್ಚೆತ್ತಿತು.

ಇಲ್ಲಿ ಆತುರ ಬೇಡ. ಬ್ಯಾಕ್ಟೀರಿಯಾ ಸೋಂಕಿನಿಂದ ಉರಿಮೂತ್ರ ಬಂದವರಿಗೆಲ್ಲ ಎಚ್‌ಐವಿ ಮರುಕಳಿಸುತ್ತದೆಂದು ಇದರಿಂದ ತೀರ್ಮಾನಿಸಲಾಗದು. ವೈರಸ್ ಎಚ್ಚೆತ್ತದ್ದು ಗಾಜಿನ ತಟ್ಟೆಯಲ್ಲಿ ಕಂಡದ್ದು. ಪರೀಕ್ಷಿಸಿದ್ದು ಶಿಶ್ನದ ಅಂಗಾಂಶ, ಹೆಂಗಸರ ಮೂತ್ರನಾಳದ ಬಗ್ಗೆ ಆ ಅಧ್ಯಯನ ಏನನ್ನೂ ಹೇಳುವುದಿಲ್ಲ. ಮೂತ್ರದಿಂದ ಎಚ್‌ಐವಿ ಹರಡುವುದೂ ಇಲ್ಲ. ಒಂದೇ ಶೌಚಾಲಯ ಬಳಸುವ ಮನೆಯವರು ಹೆದರಬೇಕಿಲ್ಲ. ದಿನವೂ ಗುಳಿಗೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟದಲ್ಲಿರುವವರಿಂದ ಲೈಂಗಿಕ ಸಂಗಾತಿಗೆ ಸೋಂಕು ದಾಟದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಹಾಗೆಯೇ ನಿಂತಿದೆ. ಅಡಗಿರುವುದು ಬೇರೆ, ಅಂಟುವುದು ಬೇರೆ.

ಈ ಸಂಶೋಧನೆಯ ನಿಜವಾದ ಬೆಲೆ ಇರುವುದು ಮುಂದಿನ ಚಿಕಿತ್ಸೆಯಲ್ಲಿ. ಪೂರ್ತಿ ಗುಣಪಡಿಸುವ ಔಷಧ ಬಂದರೆ ಅದು ರಕ್ತದ ಟಿ ಕೋಶಗಳನ್ನಷ್ಟೇ ಹುಡುಕಿದರೆ ಸಾಲದು, ಇಂಥ ಮೂಲೆಗಳನ್ನೂ ಮುಟ್ಟಬೇಕು. ಅಲ್ಲಿಯವರೆಗೆ ‘ಇನ್ನ್ಯಾಕ ಗುಳಿಗಿ’ ಎಂಬುದಕ್ಕೆ ಉತ್ತರ ಇಷ್ಟೇ: ನಿಲ್ಲಿಸಿದರೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ರಕ್ತಕ್ಕೆ ಮರಳುತ್ತದೆ. ದುಡಿಯಲು ದೂರ ಹೋಗುವವರು ಗುಳಿಗೆ ಮುಗಿಯುವ ಮೊದಲೇ ಎಆರ್‌ಟಿ ಕೇಂದ್ರದಲ್ಲಿ ಹೇಳಿ, ಹೋದ ಊರಿನಲ್ಲಿ ಸಿಗುವ ವ್ಯವಸ್ಥೆ ಕೇಳಿಕೊಳ್ಳಿ. ಅನುಮಾನವಿದ್ದರೆ ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.